ಜೀರಿಗೆ ನೀರು ಕೊಡಬೇಡ, ಅಮ್ಮ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೂಗು ಮುರಿಯುವವಳು ನಾನು. ನನ್ನ ಗಂಡ ಊರಿನ ಭೂತದ ಕತೆ ಶುರು ಮಾಡಿದರೆ ಸಾಕು, "ಬೇಳೆ ಸೀದು ಹೋಗ್ತದೆ, ಮೊದಲು ಒಲೆ ನೋಡಿ ಮಾರಾಯ್ರೆ" ಅನ್ನುತ್ತಿದ್ದೆ. ಈಗಲೂ ಕಂಡದ್ದನ್ನೆಲ್ಲ ನಂಬುವವಳಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ನಾವು ಉಡುಪಿ ಕಡೆಯವರು. ಕೋಲ್ಕತ್ತದ ಡಮ್ ಡಮ್‌ನಲ್ಲಿ ಗಂಡ ಹೆಂಡತಿ ಸೇರಿ ಕೇಟರಿಂಗ್ ನಡೆಸುತ್ತೇವೆ. ಮಗಳು ಅದಿತಿಗೆ ಆಗ ಎಂಟು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಬಂಗಾಳಿ, ಇಲ್ಲವೇ ಹಿಂದಿ. ಎಷ್ಟು ಗೋಗರೆದರೂ ಒಂದು ಇಡೀ ವಾಕ್ಯವನ್ನು ಕನ್ನಡದಲ್ಲಿ ಆಡಿದವಳಲ್ಲ. ಅದು ನನಗೊಂದು ಕೊರಗಾಗಿತ್ತು.

ಆ ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು, ಹೌರಾದ ಒಂದು ಗೃಹಪ್ರವೇಶಕ್ಕೆ ಇಡ್ಲಿ, ಸಾಂಬಾರು ತುಂಬಿಕೊಂಡು ನಮ್ಮ ಹಳೇ ಕಾರಿನಲ್ಲಿ ಹೊರಟಿದ್ದೆವು. ತಿರುವಿನಲ್ಲಿ ಎದುರು ಬಂದ ಲಾರಿಯನ್ನು ತಪ್ಪಿಸಲು ಹೋಗಿ ಕಾರು ಕಂಬಕ್ಕೆ ಬಡಿಯಿತು. ನನಗೆ ಮೊಣಕೈ ತರಚಿತ್ತು, ಅಷ್ಟೆ. ಇವರಿಗೆ ಪ್ರಜ್ಞೆಯೇ ಇರಲಿಲ್ಲ.

ಅಡುಗೆಯವರ ಬುದ್ಧಿ ನೋಡಿ. ಯಾರಿಗೆ ಏನೇ ಆಗಲಿ, ನಾವು ಮೊದಲು ಅವರ ಬಾಯಿಗೆ ಏನಾದರೂ ಹಾಕಲೇಬೇಕು. ಸದಾ ಜೊತೆಗಿಟ್ಟುಕೊಳ್ಳುವ ಜೀರಿಗೆ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದೆ. ಸುತ್ತ ಸೇರಿದವರು ಒಳ್ಳೆಯ ಜನವೇ. "ಜೋಲ್ ದಿನ್, ಬೌದಿ," ನೀರು ಕೊಡಿ ಅತ್ತಿಗೆ ಎಂದು ಅವರೂ ಅವಸರಪಡಿಸಿದರು. ಇಬ್ಬರು ಆ ಕಡೆಯ ಬಾಗಿಲು ತೆರೆದು ಇವರನ್ನು ಎಳೆಯಲು ಕಂಕುಳಿಗೆ ಕೈ ಹಾಕಿದರು.

ಆಗ ನನ್ನ ಕಿವಿಯ ಪಕ್ಕದಲ್ಲೇ ಕೇಳಿತು.

"ಅಮ್ಮ, ಅಪ್ಪನಿಗೆ ಜೀರಿಗೆ ನೀರು ಕೊಡ್ಬೇಡ. ಎತ್ಲಿಕ್ಕೆ ಬಿಡ್ಬೇಡ. ಕುತ್ತಿಗೆ ಹಾಗೇ ಇರ್ಲಿ."

ಅದಿತಿಯ ದನಿ. ಅಚ್ಚ ನಮ್ಮೂರ ಕನ್ನಡ. ತಿರುಗಿ ನೋಡಿದರೆ ಮಕ್ಕಳು ಯಾರೂ ಇರಲಿಲ್ಲ. ಬಾಟಲಿ ಕೈಜಾರಿತು. ಮುಟ್ಟಬೇಡಿ, ಆಂಬುಲೆನ್ಸ್ ಕರೆಯಿರಿ ಎಂದು ನನಗೆ ಬರುವ ಭಾಷೆಗಳಲ್ಲೆಲ್ಲ ಕಿರುಚಿದೆ. ಅದು ಬರುವ ತನಕ ಇವರ ತಲೆ ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದು, "ಅದಿತಿ ಕಾಯ್ತಾಳೆ, ಎಲ್ಲಿಗೂ ಹೋಗ್ಬೇಡಿ" ಎಂದು ಅಳುತ್ತಾ ಕೂತೆ.

ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತು. ಎಳೆದು ಎತ್ತಿದ್ದರೆ ಕೈಕಾಲಿನ ಸ್ವಾಧೀನ ತಪ್ಪುತ್ತಿತ್ತು, ಪ್ರಜ್ಞೆ ಇಲ್ಲದವರಿಗೆ ನೀರು ಹಾಕಿದ್ದರೆ ಉಸಿರೇ ಕಟ್ಟುತ್ತಿತ್ತೇನೋ ಎಂದರು ಡಾಕ್ಟರು.

ಸಂಜೆ ಪಕ್ಕದ ಮನೆಯವರು ಅದಿತಿಯನ್ನು ಆಸ್ಪತ್ರೆಗೆ ಕರೆತಂದರು. ಅಪ್ಪನಿಗೆ ಪೆಟ್ಟಾಗಿದೆ ಎಂದಷ್ಟೇ ಅವಳಿಗೆ ಹೇಳಿದ್ದರು. ಓಡಿಬಂದು ನನ್ನ ಸೊಂಟ ತಬ್ಬಿಕೊಂಡು ಕನ್ನಡದಲ್ಲೇ ಕೇಳಿದಳು, "ಅಮ್ಮ, ಜೀರಿಗೆ ನೀರು ಕೊಡ್ಲಿಲ್ಲ ಅಲ್ದಾ?"

ಶಾಲೆಯಲ್ಲಿ ಪ್ರಥಮ ಚಿಕಿತ್ಸೆ ಹೇಳಿಕೊಟ್ಟಿರಬಹುದು ಅನ್ನುತ್ತೀರಿ. ಇರಬಹುದು. ಆದರೆ ನನ್ನ ಕೈಯಲ್ಲಿ ಬಾಟಲಿ ಇತ್ತೆಂದು ಅವಳಿಗೆ ಯಾರು ಹೇಳಿದರು?

ಇವರು ಈಗ ಮತ್ತೆ ಒಲೆಯ ಮುಂದೆ ನಿಲ್ಲುತ್ತಾರೆ, ಭೂತದ ಕತೆ ಹೇಳುತ್ತಾರೆ. ನಾನು ಸುಮ್ಮನೆ ಕೇಳುತ್ತೇನೆ. ಅದಿತಿ ಮರುದಿನವೇ ತನ್ನ ಬಂಗಾಳಿಗೆ ಮರಳಿದಳು. ಆ ದಿನದ ಬಗ್ಗೆ ಕೇಳಿದರೆ "ಕೀ ಜಾನಿ, ಮಾ," ಏನೋ ಗೊತ್ತಿಲ್ಲಮ್ಮ ಎಂದು ನಗುತ್ತಾಳೆ. ನನಗೂ ಗೊತ್ತಿಲ್ಲ. ಕನ್ನಡ ಮಾತಾಡು ಎಂದು ಅವಳನ್ನು ಪೀಡಿಸುವುದನ್ನು ಮಾತ್ರ ಬಿಟ್ಟಿದ್ದೇನೆ. ಬೇಕಾದ ದಿನ ಆಡಿದ್ದಾಳೆ, ನನಗೆ ಅಷ್ಟು ಸಾಕು.