ನಲವತ್ತೊಂದನೇ ನಂಬರಿನ ಮುಚ್ಚಳ

ಬೆಟ್ಟದ ರಸ್ತೆ ಶುರುವಾಗುವ ಕಡೆ, ಗಡಿ ದಾಟಿ ಬರುವ ಪ್ರವಾಸಿಗಳಿಗೆ ಸಿಗುವ ಕೊನೆಯ ಪೆಟ್ರೋಲ್ ಬಂಕು ಅದು. ಮುಂದಿನದು ನೂರಿಪ್ಪತ್ತು ಕಿಲೋಮೀಟರ್ ಆಚೆ. ಅಲ್ಲಿ ಕೆಲಸ ಮಾಡುವವನನ್ನು ಎಲ್ಲರೂ ಪಟಾಕಿ ಎನ್ನುತ್ತಾರೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಬಾಡಿಗೆ ಕಾರು ಬಂದು ನಿಂತರೆ ಮಾತ್ರ ಅವನ ಬಾಯಿ ಕಟ್ಟಿಹೋಗುತ್ತದೆ. ಟ್ಯಾಂಕಿನ ಮುಚ್ಚಳ ತೆರೆದು, ಅದರ ಮೇಲೆ ಬಿಳಿ ಪೇಂಟಿನಲ್ಲಿ ಬರೆದ ನಂಬರು ನೋಡುತ್ತಾನೆ. ಬಾಡಿಗೆಗೆ ಕೊಡುವವರು ಮುಚ್ಚಳ ಅದಲುಬದಲಾಗಬಾರದೆಂದು ಹಾಗೆ ಬರೆಯುತ್ತಾರೆ, ಕಾರಿನ ಬಾಗಿಲ ಸಂದಿಯಲ್ಲೂ ಅದೇ ನಂಬರು. ಪಟಾಕಿಯ ಜೇಬಿನಲ್ಲಿರುವ ಮುಚ್ಚಳದ ಮೇಲೆ ನಲವತ್ತೊಂದು ಎಂದಿದೆ.

ಮೂರು ವರ್ಷದ ಹಿಂದಿನ ಮಾತು. ಒಬ್ಬ ಪ್ರವಾಸಿ ತಾನೇ ಮುಚ್ಚಳ ಬಿಚ್ಚಿ ಪಂಪಿನ ತಲೆಯ ಮೇಲಿಟ್ಟು, ನಳಿಕೆ ಒತ್ತಿದ. ಏನೂ ಬರಲಿಲ್ಲ. ಅವರ ದೇಶದಲ್ಲಿ ಮೊದಲು ಹಾಕಿಸಿಕೊಂಡು ಆಮೇಲೆ ದುಡ್ಡು ಕೊಡುವುದಂತೆ, ಇಲ್ಲಿ ಮೊದಲು ದುಡ್ಡು. ಕಾರ್ಡು ಕೊಟ್ಟ. ಮಷೀನು ಆಗಲ್ಲ ಎಂದಿತು. ಮತ್ತೊಂದು ಕಾರ್ಡು, ಅದೂ ಆಗಲ್ಲ. ಕೊನೆಗೆ ತನ್ನ ದೇಶದ ನೋಟು ಚಾಚಿದ.

“ಈ ಬಣ್ಣದ ಕಾಗದ ನಿಮ್ಮೂರಲ್ಲೇ ಇಟ್ಕೊಳ್ಳಿ! ಹಿಂದೆ ಲೈನ್ ನಿಂತಿದೆ, ಗಾಡಿ ತೆಗೀರಿ!”

ಕಾರಿನೊಳಗೆ ಕೂತಿದ್ದ ಹೆಂಗಸು ಏನೋ ಹೇಳಿದಳು. ಆತ ಹೆದರಿಕೊಂಡು ಹೊರಟೇಬಿಟ್ಟ. ಪೆಟ್ರೋಲಿನ ಮುಳ್ಳು ಕೆಂಪಿನಲ್ಲಿತ್ತು, ಮುಚ್ಚಳ ಪಂಪಿನ ಮೇಲೆಯೇ ಉಳಿಯಿತು. ಹಿಂದಿದ್ದ ಲಾರಿಯವನ ಕಾರ್ಡನ್ನೂ ಮಷೀನು ತೆಗೆದುಕೊಳ್ಳದಿದ್ದಾಗ ಪಟಾಕಿಗೆ ನೆನಪಾಯಿತು. ಬೆಳಿಗ್ಗೆ ಸಿಟ್ಟಿನಲ್ಲಿ ಅದಕ್ಕೆ ಎರಡು ಬಾರಿಸಿದ್ದು ಅವನೇ.

ಆ ಕಾರು ಬೆಟ್ಟದ ಮೇಲೆ ಎಲ್ಲಿ ನಿಂತುಹೋಯಿತೋ, ಅವರಿಗೇನಾಯಿತೋ ಎಂಬ ಹೆದರಿಕೆಗೆ ಅಂದಿನಿಂದ ಆ ರಸ್ತೆಯ ಕಡೆ ಅವನು ಕಾಲಿಟ್ಟಿಲ್ಲ.

“ಒಂದ್ಸಲ ಹೋಗಿ ವಿಚಾರಿಸ್ಕೊಂಡು ಬರಬಾರದಾ? ನಿದ್ದೇಲೂ ಆ ಮುಚ್ಚಳ ತಿರುವ್ತೀರ,” ಎನ್ನುತ್ತಾಳೆ ಹೆಂಡತಿ.

“ವಿಚಾರಿಸಿದ್ರೆ ಗೊತ್ತಾಗ್ಬಿಡುತ್ತೆ ಕಣೇ.”

ಮೊನ್ನೆ ಮಧ್ಯಾಹ್ನ ಒಂದು ಬಿಳಿ ಕಾರು ಬಂತು. ಅದರಿಂದ ಇಳಿದ ಪ್ರವಾಸಿ ಮುದುಕ ನಮ್ಮ ಮಾತನ್ನು ಚೆನ್ನಾಗಿಯೇ ಆಡುತ್ತಿದ್ದ. ಮುಚ್ಚಳ ಹೊಸದು, ನಂಬರಿಲ್ಲ. ಪಟಾಕಿ ಬಾಗಿಲ ಸಂದಿಗೆ ಬಗ್ಗಿದ. ನಲವತ್ತೊಂದು. ಜೇಬಿನ ಮುಚ್ಚಳ ಮುಟ್ಟಿ ನೋಡಿಕೊಂಡ.

“ಈ ಕಾರು... ಮುಂಚೆ ಯಾರು ತಗೊಂಡಿದ್ರು ಯಜಮಾನ್ರೇ?”

“ಗೊತ್ತಿಲ್ಲಪ್ಪ. ಮೂರು ವರ್ಷ ಶೆಡ್ಡಲ್ಲೇ ನಿಂತಿತ್ತಂತೆ. ಯಾಕೆ ಅಂತ ಬಾಡಿಗೆಯವರನ್ನ ಕೇಳಿದೆ. ಬೇಕಾದ್ರೆ ತಗೊಳ್ಳಿ, ಅರ್ಧ ಬಾಡಿಗೆ ಅಂದ್ರು.” ಮುದುಕ ನಕ್ಕ. “ದೆವ್ವ ಇದ್ರೂ ಇರಲಿ, ಮಾತಿಗೆ ಜೊತೆಯಾಗುತ್ತೆ!”

ಪಟಾಕಿ ನಗಲಿಲ್ಲ. ಕಾರ್ಡು ತೆಗೆದುಕೊಂಡು ಮಷೀನಿಗೆ ಮೆಲ್ಲಗೆ, ಮಗುವಿನ ಬಾಯಿಗೆ ಔಷಧಿ ಹಾಕಿದಂತೆ ತೂರಿಸಿದ. ಆಯಿತು. ಕಂಠಮಟ್ಟ ಪೆಟ್ರೋಲ್ ತುಂಬಿಸಿ, ಜೇಬಿನಿಂದ ಹಳೆಯ ಮುಚ್ಚಳ ತೆಗೆದು ಕೂರಿಸಿದ. ಮೂರು ಸುತ್ತು ತಿರುಗಿ ಟಕ್ ಎಂದು ಕಚ್ಚಿಕೊಂಡಿತು. ಜೇಬು ಹಗುರಾಯಿತು, ಎದೆ ಆಗಲಿಲ್ಲ. ಕಾರು ವಾಪಸು ಬಂದಿತ್ತು ಎಂದಷ್ಟೇ ಗೊತ್ತಾಯಿತು. ಯಾರು ತಂದರು?

“ಮುಂದೆ ರಸ್ತೆ ಹೇಗಿದೆ?” ಎಂದ ಮುದುಕ.

“ನೋಡಿಲ್ಲ... ಮೂರು ವರ್ಷದಿಂದ. ನಾನೂ ಬರ್ಲಾ?”

ಹೆಂಡತಿಗೆ ಫೋನು ಮಾಡಿ, ಊಟಕ್ಕೆ ಕಾಯಬೇಡ, ಬೆಟ್ಟದ ಮೇಲೆ ಹೋಗ್ತಿದೀನಿ ಎಂದ.

“ಸ್ವೆಟರ್ ಹಾಕ್ಕೊಳ್ಳಿ,” ಎಂದಳು.

ಮುಂದಿನ ಸೀಟಿನಲ್ಲಿ, ಅಂದು ಆ ಹೆಂಗಸು ಕೂತಿದ್ದ ಜಾಗದಲ್ಲೇ ಅವನು ಕೂತ. ಮುಳ್ಳು ತುಂಬಿದ ಗುರುತಿಗೆ ನಿಂತಿತ್ತು. ಮೊದಲ ತಿರುವು ಬಂದಾಗ ಪಟಾಕಿ ಮುದುಕನ ತೋಳು ಹಿಡಿದುಕೊಂಡ.

“ನಿಧಾನ ಹೋಗಿ. ಎರಡೂ ಕಡೆ ನೋಡ್ಬೇಕು.”