ಆರನೆಯ ಸದ್ದಿನವರೆಗೆ

ಅವರ ಕತ್ತು ಬಲಕ್ಕೆ ವಾಲಿತ್ತು. ಕಂಬದ ಮೇಲೆ ಎರಡೂ ಕೈಗೆ ಕೆಲಸವಿರುವಾಗ ಲೈನು ಪರೀಕ್ಷಿಸುವ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡೇ ವರ್ಷಗಳು ಕಳೆದು, ಬಲಗಿವಿಯ ಅಂಚು ಚಪ್ಪಟೆಯಾಗಿ ಒರಟಾಗಿತ್ತು. ಸೈಕಲ್ ತುಳಿಯುವಾಗಲೂ ತಲೆ ಹಾಗೇ ಇರುತ್ತಿತ್ತು. ಎದುರಿಗಿದ್ದವರಿಗೆ, ಈ ಮನುಷ್ಯ ತಮ್ಮ ಮಾತನ್ನು ವಿಶೇಷವಾಗಿ ಆಲಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಬಹಳ ಸಲ ಅದು ನಿಜವೇ ಆಗಿತ್ತು.

ಅವರು ಹಿರಿಯೂರಿನಲ್ಲಿ ನಮ್ಮ ಬೀದಿಯ ಟೆಲಿಫೋನ್ ಲೈನ್‌ಮನ್. ನಾನು ಮಾಮ ಎನ್ನುತ್ತಿದ್ದೆ. ದೂರದ ಕರೆಗಳಿಗೆ ಗುಟ್ಟಿನ ಅಂಕಿಯ ಬೀಗ ಹಾಕಿಸಿಕೊಳ್ಳಿ ಎಂದು ಮನೆಮನೆಗೂ ಹೇಳುತ್ತಿದ್ದರು. ನಮ್ಮ ಅಪ್ಪ ಒಪ್ಪಿರಲಿಲ್ಲ. ಚಿಕ್ಕಪ್ಪ ಆಗ ಮಸ್ಕತ್‌ನಲ್ಲಿದ್ದರು. ಅವರಿಗೆ ಫೋನ್ ಮಾಡಲು ಪ್ರತಿ ಸಲ ಬೀಗ ತೆಗೆಯುವವರು ಯಾರು ಎಂದಿದ್ದರು ಅಪ್ಪ. ಚಿಕ್ಕಪ್ಪ ಊರಿಗೆ ಮರಳಿದ ಮೇಲೂ ಹೊರದೇಶದ ಲೈನು ಹಾಗೇ ತೆರೆದಿತ್ತು.

ನಾನು ಐದನೇ ತರಗತಿಯಲ್ಲಿದ್ದೆ. ಅಕ್ಕ ಬಿ.ಎಸ್ಸಿ. ಎರಡನೇ ವರ್ಷ. ಅವಳ ಓದಿಗೆಂದು ಮನೆಗೆ ಕಂಪ್ಯೂಟರ್ ಬಂತು. ಫೋನಿನ ತಂತಿ ಸಿಕ್ಕಿಸಿದರೆ ಅದು ತಾನೇ ನಂಬರು ಹಚ್ಚಿ ಇಂಟರ್‌ನೆಟ್‌ಗೆ ಸೇರುತ್ತಿತ್ತು. ಕೆಲವು ತಿಂಗಳ ನಂತರ ಫೋನ್ ಬಿಲ್ಲಿನ ಜೊತೆ ಹೊರದೇಶದ ಕರೆಗಳ ಪಟ್ಟಿ ಬಂತು. ಎಲ್ಲವೂ ಒಂದೇ ನಂಬರಿಗೆ, ಎಲ್ಲವೂ ಸಂಜೆ ಐದರ ಆಚೀಚೆ. ಅಪ್ಪ ತೆಂಗಿನಕಾಯಿ ಮಂಡಿಯಲ್ಲಿರುವ, ಅಮ್ಮ ಹಿತ್ತಲಲ್ಲಿರುವ, ಅಕ್ಕ ಕಾಲೇಜಿನಿಂದ ಬಂದಿರುವ ಹೊತ್ತು.

ಅಪ್ಪ ಮೊತ್ತದ ಬಗ್ಗೆ ಏನೂ ಅನ್ನಲಿಲ್ಲ. "ಯಾರವನು?" ಎಂದರು. ಅಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮರುದಿನದಿಂದ ಅವಳ ಕಾಲೇಜು ನಿಂತಿತು. ಗಂಡು ನೋಡಲು ಹೊಸದುರ್ಗದ ಸೋದರತ್ತೆಗೆ ಹೇಳಿಕಳಿಸಿದರು.

ನನಗೆ ಗೊತ್ತಿತ್ತೇ? ಪುಕ್ಕಟೆ ಹಾಡು ಎಂದು ಪರದೆಯ ಮೇಲೆ ತೆರೆದುಕೊಂಡ ಚೌಕದಲ್ಲಿ 'ಯೆಸ್' ಒತ್ತಿದ್ದವಳು ನಾನು. ಆಮೇಲೆ ಕೆಂಪು ಹೃದಯದ ಒಂದು ಹೊಸ ಗುರುತು ಬಂತು. ಅಕ್ಕ ಮುಖ ತೊಳೆಯಲು ಹೋದಾಗೆಲ್ಲ ಅದನ್ನು ಒತ್ತುತ್ತಿದ್ದೆ. ಮೊದಲು ಕಿರುಚಿಕೊಂಡು ಸೇರುತ್ತಿದ್ದ ಕಂಪ್ಯೂಟರ್, ಹೃದಯ ಒತ್ತಿದರೆ ಸದ್ದೇ ಇಲ್ಲದೆ ಸೇರುತ್ತಿತ್ತು. ಇದಕ್ಕೂ ಆ ಪಟ್ಟಿಗೂ ಏನೋ ನಂಟಿದೆಯೆಂದು ಒಳಗೊಳಗೇ ಗೊತ್ತಾಗಿತ್ತು. ಬಾಯಿಗೆ ಬರಲಿಲ್ಲ.

ಒಂಬತ್ತನೇ ದಿನ ಅಮ್ಮ ಅಪ್ಪನಿಗೆ ತಿಳಿಸದೆ ಮಾಮನನ್ನು ಕರೆಸಿದಳು. ಅವರು ಪಟ್ಟಿಯನ್ನು ಎರಡು ಸಲ ಓದಿ, ಜಗಲಿಯಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿದರು.

"ಯಜಮಾನ್ರೆ, ಒಂದು ಸಲ ನೀವೇ ಕೇಳ್ರಿ."

"ಕೇಳೋದೇನೈತೆ? ಕಾಗದದಾಗೆ ಬರ್ದೈತಲ್ಲ," ಎಂದರು ಅಪ್ಪ.

"ಕಾಗದದಾಗೆ ನಂಬರ್ ಐತೆ. ದನಿ ಇಲ್ಲ."

ಹೊರಗೋಡೆಯಲ್ಲಿ ನಮ್ಮ ಲೈನಿನ ಪೆಟ್ಟಿಗೆಯಿತ್ತು. ತಮ್ಮ ಫೋನಿನ ಎರಡು ಕ್ಲಿಪ್ಪುಗಳನ್ನು ಅದಕ್ಕೆ ಕಚ್ಚಿಸಿ, ಫೋನನ್ನು ಅಪ್ಪನ ಕೈಗೆ ಕೊಟ್ಟರು. ಅಕ್ಕನನ್ನು ಅಪ್ಪನ ಪಕ್ಕದಲ್ಲೇ ನಿಲ್ಲಿಸಿದರು. "ನಮ್ಮ ಇಂಟರ್‌ನೆಟ್ ನಂಬರು ಆರು ಅಂಕಿ. ಅಂಕಿಗೊಂದು ಸದ್ದು. ಆರು ಸದ್ದಿಗೆ ನಿಂತ್ರೆ ನಮ್ಮದು. ಎಣಿಸ್ರಿ. ಪುಟ್ಟಿ, ಒಳಗೋಗಿ ನೆಟ್ ಹಚ್ಚವ್ವ." ತಾವು ಕಿಟಕಿಯ ಹತ್ತಿರ ನಿಂತರು.

ಒತ್ತಿದೆ. ಹೊರಗಿನಿಂದ ಅಪ್ಪನ ದನಿ ಕೇಳುತ್ತಿತ್ತು. ನಾಲ್ಕು, ಐದು, ಆರು. ಏಳು ಎನ್ನುವಾಗ ಅದು ತಗ್ಗಿತು. ಹದಿನಾಲ್ಕರವರೆಗೂ ಎಣಿಸಿದರು, ಪಟ್ಟಿಯಲ್ಲಿದ್ದ ನಂಬರಿನ ಅಂಕಿಗಳಷ್ಟೇ.

"ಮಗಳ ಕೈ ಎಲ್ಲವೆ ನೋಡ್ರಿ," ಎಂದರು ಮಾಮ.

ಅಕ್ಕನ ಎರಡೂ ಕೈ ವೇಲಿನ ಅಂಚನ್ನು ಹಿಂಡುತ್ತಿದ್ದವು. ಅಪ್ಪ ಫೋನನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರು.

ಮಾಮ ಕಿಟಕಿಗೆ ಇನ್ನಷ್ಟು ಹತ್ತಿರ ಬಂದರು. ಪರದೆಯ ಮೇಲೆ ಎರಡು ಗುರುತುಗಳಿದ್ದವು, ಇಂಟರ್‌ನೆಟ್‌ನದು ಮತ್ತು ಹೃದಯದ್ದು. ಯಾವುದನ್ನು ಒತ್ತಬೇಕೆಂದು ಅವರು ಹೇಳಿರಲಿಲ್ಲ. ನನ್ನ ಕೈ ರೂಢಿಯಂತೆ ಹೃದಯಕ್ಕೆ ಹೋಗಿತ್ತು.

"ಅದನ್ನ ನಿಂಗ್ಯಾರು ತೋರಿಸ್ಕೊಟ್ರು?" ಎಂದರು ಮೆಲ್ಲಗೆ.

ನಾನು ಹೃದಯದ ಗುರುತಿನಿಂದ ಕೈ ತೆಗೆದೆ. ಅವರು ಕತ್ತು ವಾಲಿಸಿಕೊಂಡು ಆ ಮೌನವನ್ನೂ ಪೂರ್ತಿ ಕೇಳಿಸಿಕೊಂಡರು.

"ನಾನ್ ಹೇಳಲ್ಲ. ಹೇಳೋದು ನಿನ್ ಕೆಲ್ಸ."

ಅದೇ ದಿನ ಮಾಮ ಲೈನಿಗೆ ಬೀಗ ಹಾಕಿಸಿದರು. ಅಮ್ಮ ಗುಟ್ಟಿನ ಅಂಕಿ ಒತ್ತುವಾಗ ಜಗಲಿಗೆ ಹೋಗಿ ಬೀದಿಗೆ ಮುಖಮಾಡಿ ನಿಂತರು. ಎಲ್ಲರ ಮನೆಯಲ್ಲೂ ಹಾಗೇ ನಿಲ್ಲುತ್ತಿದ್ದರಂತೆ.

"ಕಂಬ ಹತ್ತಾಕೆ ಹೆದರಲ್ಲ, ನಾಕು ಅಂಕಿಗೆ ಹೆದರ್ತೀರಲ್ರಿ," ಎಂದಳು ಅಮ್ಮ.

"ನಂಗೂ ಹೇಳ್ಬ್ಯಾಡ್ರಿ. ಇಲಾಖೆಯೋರು ಅಂತ ಯಾರ್ ಕೇಳಿದ್ರೂ ಹೇಳ್ಬ್ಯಾಡ್ರಿ."

ಆಮೇಲೆ ಇಂಟರ್‌ನೆಟ್ ಇದ್ದ ಮನೆಗಳಿಗೆಲ್ಲ ಹೋಗಿ ಎಣಿಸುವುದನ್ನು ಕಲಿಸಿದರು. ಪುಕ್ಕಟೆ ಅಂದದ್ದನ್ನು ಒತ್ತಬೇಡಿ, ಅದು ಸದ್ದಿಲ್ಲದೆ ಹೊರದೇಶಕ್ಕೆ ನಂಬರು ಹಚ್ಚುತ್ತದೆ, ಕೆಲಸ ಮುಗಿದ ಕೂಡಲೇ ತಂತಿ ಕೀಳಿ, ಆರು ದಾಟಿದರೆ ನನ್ನನ್ನು ಕರೆಯಿರಿ. ಕಂಪ್ಯೂಟರಿನ ಬಗ್ಗೆ ಕೇಳಿದರೆ, "ಅದು ನಂಗೊತ್ತಿಲ್ಲ, ತಂತಿ ಗೊತ್ತು," ಎನ್ನುತ್ತಿದ್ದರು.

ಅಕ್ಕ ಕಾಲೇಜಿಗೆ ಮರಳಿದಳು. ಆದರೆ ಅಪ್ಪನ ಅನುಮಾನ ಪೂರ್ತಿ ಹೋಗಲಿಲ್ಲ, ಜಾಗ ಬದಲಿಸಿತು. ಯಂತ್ರ ತಾನಾಗಿ ಕೆಡುತ್ತದೆಯೇ, ಇವಳೇ ಏನೋ ಒತ್ತಿರಬೇಕು ಎಂದು ಕಂಪ್ಯೂಟರನ್ನು ಮಂಡಿಗೆ ಸಾಗಿಸಿದರು. ಮುಂದೆ ಅವಳು ಎಂ.ಸಿ.ಎ. ಓದುತ್ತೇನೆ ಎಂದಾಗ ಆ ಬಿಲ್ಲನ್ನೇ ನೆನಪಿಸಿದರು. ಅವಳ ಓದು ಅಲ್ಲಿಗೆ ಮುಗಿಯಿತು. ಏಳೆಂಟು ವರ್ಷದ ನಂತರ ನಾನು ವಿಶ್ವವಿದ್ಯಾಲಯಕ್ಕೆ ಹೊರಟಾಗ ಯಾರೂ ಅಡ್ಡ ಬರಲಿಲ್ಲ. ನನ್ನ ಪೆಟ್ಟಿಗೆ ತುಂಬಿಕೊಟ್ಟವಳು ಅಕ್ಕ.

ಮಾಮ ದಾರಿಯಲ್ಲಿ ಸಿಕ್ಕಾಗಲೆಲ್ಲ ಸೈಕಲ್ ನಿಧಾನಿಸಿ ಕೇಳುತ್ತಿದ್ದರು, "ಹೇಳಿದ್ಯಾ?"

"ಇನ್ನೂ ಇಲ್ಲ ಮಾಮ."

"ಇರ್ಲಿ."

ಗದರಲಿಲ್ಲ. ಕೇಳುವುದನ್ನು ಬಿಡಲೂ ಇಲ್ಲ. ಅವರು ನಿವೃತ್ತರಾದರು, ಬೀದಿಯ ತಂತಿಗಳೂ ಹೋದವು, ನನಗೆ ಚಿತ್ರದುರ್ಗದಲ್ಲಿ ಕೆಲಸ ಸಿಕ್ಕಿತು. ರಜೆಗೆ ಬಂದಾಗ ಅವರ ಮನೆಯ ಮುಂದಿನ ರಸ್ತೆ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ಕಳೆದ ವರ್ಷ ಅಮ್ಮನಿಗೆ ಯಾರೋ ಮೊಬೈಲಿಗೆ ಕರೆ ಮಾಡಿ, ಟೆಲಿಫೋನ್ ಇಲಾಖೆಯಿಂದ ಎಂದು, ಮೆಸೇಜಿನಲ್ಲಿ ಬಂದ ಅಂಕಿ ಹೇಳಿ, ಇಲ್ಲದಿದ್ದರೆ ನಂಬರು ನಿಲ್ಲುತ್ತದೆ ಎಂದು ಹೆದರಿಸಿದರು. ನಾನು ಎದುರಿಗೇ ಇದ್ದೆ. "ನಮ್ ಲೈನ್‌ಮನ್ನು ಬೀದಿ ಕಡಿಗೆ ಮುಖ ಮಾಡಿ ನಿಲ್ಲೋರು. ನೀನ್ಯಾವನಪ್ಪ ಕೇಳಾಕೆ?" ಎಂದು ಅಮ್ಮ ಫೋನ್ ಇಟ್ಟಳು. ಮಾಮನಿಗೆ ಇದನ್ನು ಹೇಳಬೇಕು, ನಗುತ್ತಾರೆ ಅಂದುಕೊಂಡೆ. ಹೋದರೆ ಅವರು ಇನ್ನೊಂದನ್ನೂ ಕೇಳುತ್ತಾರೆ. ಹೋಗಲಿಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ನಾನು ಚಿತ್ರದುರ್ಗದಿಂದ, ಅಕ್ಕ ಗಂಡನ ಮನೆಯಿರುವ ಹೊಳಲ್ಕೆರೆಯಿಂದ ಬಂದೆವು. ಮಲಗಿಸಿದ್ದಾಗಲೂ ಅವರ ತಲೆ ಬಲಕ್ಕೇ ಇತ್ತು. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ, ಸುತ್ತ ಜನರಿರುವಾಗಲೇ, ಅಕ್ಕನಿಗೆ ಹೇಳಿಬಿಟ್ಟೆ.

ಅವಳು ರಸ್ತೆಯ ಕಡೆ ತಿರುಗಿದಳು. "ಎಂಟು ದಿನ ಅಳ್ತಾ ಮಲಗಿದ್ದೆ ಕಣೆ. ನೀನು ಪಕ್ಕದಾಗೆ ನನ್ ಕೈ ಹಿಡ್ಕಂಡೇ ಮಲಗ್ತಿದ್ದೆ," ಎಂದಳು. ಹೊಳಲ್ಕೆರೆ ಬಸ್ಸು ಬಂತು. ಹತ್ತಿದಳು.

ಈಗ ದಿನವೂ ಅವಳಿಗೆ ಫೋನ್ ಮಾಡುತ್ತೇನೆ. ಅವಳು ಎತ್ತುತ್ತಿರಲಿಲ್ಲ. ಕತ್ತು ವಾಲಿಸಿಕೊಂಡು ರಿಂಗ್ ಎಣಿಸುತ್ತೇನೆ, ಆರಾದರೆ ಇಟ್ಟುಬಿಡುತ್ತೇನೆ. ನಿನ್ನೆ ಐದನೆಯದಕ್ಕೆ ಎತ್ತಿದಳು. ಏನೂ ಮಾತಾಡಲಿಲ್ಲ. ಇಡಲೂ ಇಲ್ಲ.