ಹಳದಿ ಅಕ್ಕನ ಒಂಬತ್ತನೇ ಗಾಡಿ

ಇಪ್ಪತ್ತಾರು ವರ್ಷದ ಕೆಲಸದಲ್ಲಿ ಆಕೆ ಒಂದು ಗಾಡಿ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡದ್ದು ಒಂದೇ ಸಲ. ಆ ದಿನದ ಕಥೆಗೆ ಮೊದಲು ಆಕೆಗೆ ಹಳದಿ ಅಕ್ಕ ಎಂಬ ಹೆಸರು ಹೇಗೆ ಬಂತೆಂದು ಹೇಳಬೇಕು. ಗಂಟು ಬಿದ್ದಿದ್ದೇ ಅಲ್ಲಿ.

ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ದು ಮತ್ತೆ ಮನೆ ಮುಟ್ಟಿಸುವ ಒಂದು ಸಂಸ್ಥೆ. ಅದರ ಮೂವತ್ತನಾಲ್ಕು ವಾಹನಗಳ ಆರೋಗ್ಯ ನೋಡಿಕೊಳ್ಳುವ ಶೆಡ್ಡಿನಲ್ಲಿ ಆಕೆ ಹಿರಿಯ ಮೆಕ್ಯಾನಿಕ್. ಚಕ್ರದ ನಟ್ಟನ್ನು ಅಳತೆಯ ಸ್ಪ್ಯಾನರಿನಿಂದ ಬಿಗಿದು, ಅದು ‘ಟಿಕ್’ ಎಂದ ಮೇಲೆ, ನಟ್ಟಿನಿಂದ ಚಕ್ರದ ಮೇಲಕ್ಕೆ ಹಾಯುವಂತೆ ಹಳದಿ ಬಣ್ಣದ ಒಂದು ಗೆರೆ ಎಳೆಯುತ್ತಿದ್ದಳು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಬೆಳಿಗ್ಗೆ ಚಾಲಕ ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿದರೆ ಸಾಕು, ಸ್ಪ್ಯಾನರ್ ಮುಟ್ಟದೆಯೇ ಯಾವುದು ಸಡಿಲ ಎಂದು ತಿಳಿಯುತ್ತದೆ. ಜೇಬಿನಲ್ಲಿ ಸದಾ ಬಣ್ಣದ ಪುಟ್ಟ ಡಬ್ಬಿ, ಒಂದು ಕುಂಚ. ಉಗುರಿನ ಸಂದಿಯ ಹಳದಿ ಭಾನುವಾರವೂ ಹೋಗುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಆಕೆಯ ಕೈಗೆ ಯಾರೂ ಸ್ಪ್ಯಾನರ್ ಕೊಟ್ಟಿರಲಿಲ್ಲ. “ಅಕ್ಷರ ದುಂಡಗಿದೆ, ರಿಜಿಸ್ಟರ್ ಬರ್ಕೊಂಡಿರಮ್ಮ” ಎಂದು ಅಂದಿನ ಮೇಲ್ವಿಚಾರಕ ಕೂರಿಸಿಬಿಟ್ಟಿದ್ದ. ಬರೆದಳು. ಬರೆಯುತ್ತಾ ಬರೆಯುತ್ತಾ ಮೂರು ಗಾಡಿಗಳ ಎಡ ಮುಂದಿನ ಟೈರು ಮಾತ್ರ ಒಂದೇ ಅಂಚಿನಲ್ಲಿ ಸವೆಯುತ್ತಿರುವುದು ಕಣ್ಣಿಗೆ ಬಿತ್ತು. ಮೂರೂ ಗಾಡಿಗಳು ದಿನವೂ ಒಂದೇ ಆಸ್ಪತ್ರೆಯ ಗೇಟಿನಲ್ಲಿ, ಒಂದೇ ಎತ್ತರದ ಕಲ್ಲಂಚನ್ನು ಹತ್ತಿ ನಿಲ್ಲುತ್ತಿದ್ದವು. ಹೋಗಿ ಕಲ್ಲನ್ನು ಅಳೆದು ಬಂದು ಹೇಳಿದಳು. ಮರುದಿನವೇ ಮೇಲ್ವಿಚಾರಕ ರಿಜಿಸ್ಟರನ್ನು ತಾನಿಟ್ಟುಕೊಂಡು ಸ್ಪ್ಯಾನರಿನ ಪೆಟ್ಟಿಗೆಯನ್ನು ಆಕೆಯತ್ತ ತಳ್ಳಿದ.

ಆಮೇಲೆ ಕೈ, ಕಿವಿ, ಮೂಗು ಎಲ್ಲವೂ ಪಳಗಿದವು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಯಾವ ಬೇರಿಂಗ್ ಗೊಣಗುತ್ತಿದೆ ಎಂದು ಹೇಳುತ್ತಿದ್ದಳು. ರಸ್ತೆಯಿಂದ ಬಂದ ಗಾಡಿಯ ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡುತ್ತಿದ್ದಳು. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ ಎಂದೇ ಅರ್ಥ. ಆದರೂ ರಿಜಿಸ್ಟರಿನ ಚಾಳಿ ಬಿಡಲಿಲ್ಲ. ಪ್ರತಿ ಕೆಲಸಕ್ಕೂ ಒಂದು ಚೀಟಿ: ದಿನ, ಕಿಲೋಮೀಟರ್, ದೋಷ, ಕಾರಣ, ಮಾಡಿದವರು.

ಇಂಥವಳಿಗೂ ಒಂಬತ್ತನೇ ಗಾಡಿ ನೀರು ಕುಡಿಸಿತು.

ಗಾಲಿಕುರ್ಚಿಯನ್ನು ಎತ್ತಿ ಒಳಗಿಡುವ ಲಿಫ್ಟ್ ಇದ್ದದ್ದು ಅದೊಂದರಲ್ಲೇ. ಏಳು ಮಂದಿ ಅದನ್ನೇ ನಂಬಿ ಚಿಕಿತ್ಸೆಗೆ ಹೋಗಿಬರುತ್ತಿದ್ದರು. ಮೂರು ತಿಂಗಳಿಂದ ಅದು ನಡುರಸ್ತೆಯಲ್ಲಿ ಉಸಿರು ಬಿಡುತ್ತಿತ್ತು, ಇಲ್ಲಿಯವರೆಗೆ ಹನ್ನೊಂದು ಸಲ. ಕೆಲವು ಸಲ ಸ್ವಲ್ಪ ಹೊತ್ತಿಗೆ ತಾನೇ ಎದ್ದು ಓಡುತ್ತಿತ್ತು. ಕೆಲವು ಸಲ ಎಳೆದು ತರಬೇಕಾಗುತ್ತಿತ್ತು. ಶೆಡ್ಡಿಗೆ ಬಂದರೆ ಮಾತ್ರ ಏನೂ ಇಲ್ಲ, ಹೂವೆತ್ತಿದಷ್ಟು ಹಗುರವಾಗಿ ಸ್ಟಾರ್ಟ್. ಫಿಲ್ಟರ್ ಬದಲಾಯಿತು, ಪಂಪ್ ಬಿಚ್ಚಿ ನೋಡಾಯಿತು, ವೈರುಗಳನ್ನು ಒಂದೊಂದಾಗಿ ಅಳೆದಾಯಿತು.

ಗುರುವಾರ ಮ್ಯಾನೇಜರ್ ಶೆಡ್ಡಿಗೆ ಬಂದು ಹೇಳಿದರು. “ನೋಡಮ್ಮ, ನಾಳೆ ನಾಲ್ಕು ಗಂಟೆಗೆ ಗುಜರಿಗೆ ಹಾಕೋ ಗಾಡಿಗಳ ಪಟ್ಟಿ ಹೋಗುತ್ತೆ. ಒಂಬತ್ತನ್ನ ಸೇರಿಸಿದೀನಿ.”

“ಬದಲಿ ಲಿಫ್ಟ್ ಗಾಡಿ ಯಾವಾಗ ಬರುತ್ತೆ ಸಾರ್?”

“ಮುಂದಿನ ವರ್ಷ.”

“ಅಲ್ಲೀವರೆಗೆ ಆ ಏಳು ಜನ?”

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು.

ಅಂದು ಸಂಜೆ ಆಕೆ ಮೂರು ತಿಂಗಳ ಚೀಟಿಗಳನ್ನೂ ಗೋಡೆಯ ಕ್ಯಾಲೆಂಡರನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡಳು. ಗಂಡ ದರ್ಜಿ. ಆತನ ಗುಂಡಿಗಳ ಡಬ್ಬಿ ಪಕ್ಕದಲ್ಲಿತ್ತು. ಗಾಡಿ ನಿಂತ ದಿನದ ಮೇಲೆ ಕಪ್ಪು ಗುಂಡಿ ಇಟ್ಟಳು. ಆಮೇಲೆ ಸರ್ವಿಸ್ ಆದ ದಿನಕ್ಕೆ ಕೆಂಪು: ಹೊಂದಲಿಲ್ಲ. ಲಿಫ್ಟ್ ಹೆಚ್ಚು ಬಳಸಿದ ದಿನಕ್ಕೆ ನೀಲಿ: ಅದೂ ಹೊಂದಲಿಲ್ಲ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. “ಊಟಕ್ಕೆ ಜಾಗ ಬಿಡ್ತೀಯೋ, ಇಲ್ಲ ಚೀಟಿನೇ ಬಡಿಸ್ಬಿಡ್ಲೋ?”

“ಐದೇ ನಿಮಿಷ ಅತ್ತೆ.” ಗಂಡನತ್ತ ತಿರುಗಿ, “ರೀ, ಡೀಸೆಲ್ ತುಂಬಿಸಿದ ದಿನ ಓದಿ ನೋಡೋಣ. ಬಿಳಿ ಗುಂಡಿ ಕೊಡಿ.”

ಆತ ಓದುತ್ತಾ ಹೋದ, ಆಕೆ ಇಡುತ್ತಾ ಹೋದಳು. ಮೂರನೇ ಬಿಳಿ ಗುಂಡಿಗೇ ಆಕೆಯ ಕೈ ನಿಧಾನವಾಯಿತು. ಆರನೆಯದಕ್ಕೆ ಎದ್ದು ನಿಂತಳು. ಹನ್ನೊಂದು ಸಲ ಟ್ಯಾಂಕ್ ತುಂಬಿತ್ತು, ಹನ್ನೊಂದು ಸಲವೂ ಮರುದಿನ ಬೆಳಿಗ್ಗೆ ಗಾಡಿ ನಿಂತಿತ್ತು. ಪ್ರತಿ ಬಿಳಿಯ ಮಗ್ಗುಲಲ್ಲೂ ಒಂದು ಕಪ್ಪು.

“ಡೀಸೆಲ್ ಖಾಲಿಯಾಗಿ ನಿಲ್ಲೋ ಗಾಡಿ ನೋಡಿದೀನಿ. ತುಂಬಿ ನಿಲ್ಲೋದನ್ನ ನೋಡಿಲ್ಲಪ್ಪ” ಎಂದ ಗಂಡ.

“ಅದರಲ್ಲೇನಿದೆ?” ಎಂದರು ಅತ್ತೆ. “ಹೊಟ್ಟೆ ತುಂಬಿದ್ರೆ ನಿದ್ದೆ ಬರಲ್ವೆ? ನಿನ್ನ ಗಂಡನ್ನೇ ನೋಡು.”

ಆಕೆ ನಗಲೂ ಮರೆತು ಚೀಟಿಗಳ ಕಿಲೋಮೀಟರ್ ಅಂಕಿಗಳಿಂದ, ಟ್ಯಾಂಕ್ ತುಂಬಿಸಿದ ಮೇಲೆ ಗಾಡಿ ಎಷ್ಟು ಓಡಿ ನಿಂತಿತೆಂದು ಲೆಕ್ಕ ಹಾಕುತ್ತಿದ್ದಳು: ಮೂವತ್ತೊಂಬತ್ತು, ನಲವತ್ತನಾಲ್ಕು, ನಲವತ್ತೊಂದು. ಶೆಡ್ಡಿನ ಪರೀಕ್ಷಾ ಸುತ್ತು ಆರೇ ಕಿಲೋಮೀಟರ್. ಕೂಡಲೇ ಫೋನ್ ಮಾಡಿ ಒಂಬತ್ತನೇ ಗಾಡಿಗೆ ಬೆಳಿಗ್ಗೆ ಟ್ಯಾಂಕ್ ತುಂಬಿಸಿ ತರಲು ಹೇಳಿದಳು. ಮೇಜು ಖಾಲಿಯಾದಾಗ ಅನ್ನ ಆರಿತ್ತು. ಅತ್ತೆ ಮತ್ತೆ ಬಿಸಿ ಮಾಡಿ ತಂದರು, ಬೈಯುತ್ತಲೇ.

ಶುಕ್ರವಾರ ಹತ್ತು ಗಂಟೆಗೆ ಒಂಬತ್ತನೇ ಗಾಡಿಯ ಚಾಲಕನನ್ನು ಆಕೆ ಒಂದು ಮೂಲೆಗೆ ಕರೆದಳು. ಐವತ್ತೆಂಟು ವರ್ಷದ ಆತ ನಲವತ್ತರ ವೇಗ ದಾಟಿದವನಲ್ಲ. ಎಲ್ಲರ ಬಾಯಲ್ಲಿ ನಿಧಾನಪ್ಪ.

“ಅಣ್ಣಾ, ಗಾಡಿ ನಿಂತಾಗ ನೀವೇನು ಮಾಡ್ತೀರಿ?”

“ದೇವರನ್ನ ನೆನೀತೀನಿ.”

“ಅದರ ಜೊತೆಗೆ?”

ನಿಧಾನಪ್ಪ ಸುತ್ತ ನೋಡಿದ. “ಯಾರಿಗೂ ಹೇಳಲ್ಲ ತಾನೆ?”

“ಸಾರ್‌ಗೆ ಹೇಳೇ ಹೇಳ್ತೀನಿ. ಈಗಲೇ ಹೇಳಿದ್ರೆ ನಿಮ್ಮ ಪರವಾಗಿ ಹೇಳ್ತೀನಿ.”

“ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ಇದೆಯಾ ಅಂತ ನೋಡ್ತೀನಿ ಅಕ್ಕ. ಇರುತ್ತೆ. ಮುಚ್ಚಿ ಸ್ಟಾರ್ಟ್ ಮಾಡಿದ್ರೆ ಕುದುರೆ ಹಂಗೆ ಓಡುತ್ತೆ. ರಸ್ತೇಲಿ ಚಾಲಕರು ಮುಚ್ಚಳ ಮುಟ್ಟಬಾರದು ಅಂತ ನಿಯಮ ಇದೆಯಲ್ಲ, ಅದಕ್ಕೆ ಬಾಯಿ ಬಿಡ್ಲಿಲ್ಲ. ಸುತ್ತ ಜನ ಸೇರಿದ್ರೆ ಮುಟ್ಟಲ್ಲ. ಆಗ ಎಳ್ಕೊಂಡು ಬರ್ತಾರೆ.”

“ತೆಗೆದಾಗ ಏನಾದ್ರೂ ಶಬ್ದ?”

“ಉಸ್ ಅನ್ನುತ್ತೆ.”

ಆಕೆ ತೊಡೆ ತಟ್ಟಿಕೊಂಡಳು. ಆ ನಿಯಮ ಚಾಲಕರದಾದರೆ, ಶೆಡ್ಡಿಗೂ ಒಂದು ನಿಯಮವಿತ್ತು. ಗಾಡಿ ಬಂದ ಕೂಡಲೇ ಮುಚ್ಚಳ ತೆಗೆದು ಅಳತೆ ಕಡ್ಡಿ ಇಳಿಸಿ ಡೀಸೆಲ್ ನೋಡಬೇಕು, ಬೇರೆಲ್ಲವೂ ಆಮೇಲೆ. ಇಪ್ಪತ್ತು ವರ್ಷದ ಹಿಂದೆ ಅದನ್ನು ಬರೆದು ಗೋಡೆಗೆ ಅಂಟಿಸಿದ್ದು ಆಕೆಯೇ. ಕಳ್ಳ ಬಂದ ಕೂಡಲೇ ಬಾಗಿಲು ತೆರೆದು ಓಡಿಹೋಗಲು ಬಿಟ್ಟು, ಆಮೇಲೆ ಮನೆಯೆಲ್ಲ ಹುಡುಕಿದ ಹಾಗೆ ಆಗಿತ್ತು!

ಅರ್ಧ ಗಂಟೆಯಲ್ಲಿ ಅವರು ಮೂವರು ರಸ್ತೆಯಲ್ಲಿದ್ದರು. ನಿಧಾನಪ್ಪ ಸ್ಟೇರಿಂಗ್ ಹಿಡಿದಿದ್ದ, ಪಕ್ಕದಲ್ಲಿ ಚೀಟಿ ಪೆನ್ನು ಹಿಡಿದು ಆಕೆ. ಗಾಲಿಕುರ್ಚಿಗಳ ಜಾಗದಲ್ಲಿ ಮಡಚುವ ಸೀಟಿನ ಮೇಲೆ, ಕಣ್ಣಾರೆ ನೋಡಿದರಷ್ಟೇ ನಂಬುತ್ತೇನೆ ಎಂದು ಪಟ್ಟು ಹಿಡಿದ ಮ್ಯಾನೇಜರ್. ಟ್ಯಾಂಕ್ ತುಂಬಿತ್ತು. ಮುಚ್ಚಳ ಯಾರೂ ಮುಟ್ಟಬಾರದು ಎಂದು ಅದರ ಅಂಚಿಗೂ ಟ್ಯಾಂಕಿನ ಕತ್ತಿಗೂ ಸೇರಿಸಿ ಕಾಗದದ ತುಂಡು ಅಂಟಿಸಿದ್ದಳು.

ಮೂವತ್ತು ಕಿಲೋಮೀಟರ್. ಇಂಜಿನ್ ಸಣ್ಣಗೆ ಹಾಡುತ್ತಿತ್ತು. ನಲವತ್ತು.

“ಇನ್ನೇನು ನಿಲ್ಲುತ್ತೆ” ಎಂದಳು.

ನಲವತ್ತನಾಲ್ಕು. ಹನ್ನೊಂದು ಚೀಟಿಗಳ ದಾಖಲೆಯಲ್ಲಿ ಇದಕ್ಕಿಂತ ಮುಂದೆ ಹೋದದ್ದೇ ಇಲ್ಲ. ನಲವತ್ತಾರು.

ಮ್ಯಾನೇಜರ್ ಗಡಿಯಾರ ನೋಡಿಕೊಂಡರು. “ಚೆನ್ನಾಗೇ ಓಡ್ತಿದೆಯಲ್ಲಮ್ಮ.”

“ಅದೇ ಸಾರ್ ತೊಂದರೆ!”

ಆಕೆ ಚೀಟಿಯ ಅಂಕಿಗಳನ್ನು ಮತ್ತೆ ನೋಡಿದಳು. ತಟ್ಟನೆ ನೆನಪಾಗಿ ಕೇಳಿದಳು. “ಅಣ್ಣಾ, ಇವತ್ತು ಕತ್ತಿನ ತನಕ ತುಂಬಿಸಿದ್ರಾ?”

“ಇಲ್ಲ, ಗಡಿಬಿಡೀಲಿ ಒಂದರ್ಧ ಲೀಟರ್ ಕಡಿಮೆ.”

“ಹಾಗಾದ್ರೆ ಇನ್ನೊಂದೈದು ಕಿಲೋಮೀಟರ್. ನಿಲ್ಲು ತಾಯಿ, ನಿಲ್ಲು...”

“ಮೂವತ್ತು ವರ್ಷದಿಂದ ಓಡು ಓಡು ಅಂತ ಬೇಡ್ಕೊಂಡಿದೀನಿ” ಎಂದು ನಿಧಾನಪ್ಪ ಗೊಣಗಿದ. “ದೇವರಿಗೆ ನನ್ನ ಮೇಲೆ ಅನುಮಾನ ಬರುತ್ತೆ.”

ನಲವತ್ತೊಂಬತ್ತನೇ ಕಿಲೋಮೀಟರಿನಲ್ಲಿ ಇಂಜಿನ್ ಒಮ್ಮೆ ತಡವರಿಸಿತು. ಮತ್ತೊಮ್ಮೆ. ಗಾಡಿ ಜಗ್ಗಿತು.

“ನಿಲ್ತಾ ಇದೆ! ಸಾರ್, ನಿಲ್ತಾ ಇದೆ!” ಆಕೆ ಸೀಟಿನಲ್ಲೇ ಕುಣಿದಳು. ನಿಧಾನಪ್ಪ ಗಾಡಿಯನ್ನು ರಸ್ತೆಯಂಚಿಗೆ ತೇಲಿಸುವಷ್ಟರಲ್ಲಿ ಇಂಜಿನ್ ಸತ್ತಿತು. ಮೂವರೂ ‘ಹೋ’ ಎಂದು ಕೂಗಿದರು. ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಕೆಟ್ಟ ಗಾಡಿಯೊಳಗಿನ ಈ ಸಂಭ್ರಮವನ್ನು ಕತ್ತು ತಿರುಗಿಸಿ ನೋಡುತ್ತಲೇ ಹೋದ.

“ಸಾರ್, ಮುಚ್ಚಳ ನೀವೇ ತೆಗೀಬೇಕು.”

ಮ್ಯಾನೇಜರ್ ಕಾಗದ ಹರಿದು ಮುಚ್ಚಳ ತಿರುಗಿಸಿದರು. ‘ಉಸ್ಸ್’ ಎಂದು ಗಾಳಿ ಒಳಕ್ಕೆ ನುಗ್ಗಿತು. ಅವರು ಕೈ ಹಿಂದಕ್ಕೆಳೆದುಕೊಂಡರು.

“ನೀರಿನ ಬಾಟಲಿಗೆ ಬಾಯಿ ಹಚ್ಚಿ ಎಳೆದು ಕುಡಿದ್ರೆ ಬಾಟಲಿ ಒಳಕ್ಕೆ ಮುದುಡುತ್ತಲ್ಲ, ಹಾಗೇ ಇದು” ಎಂದು ಆಕೆ ವಿವರಿಸಿದಳು. “ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತೆ. ಅದು ಮುಚ್ಚಿದ್ರೆ ಪಂಪಿಗೆ ಎಳೆಯೋಕಾಗಲ್ಲ. ತುಂಬಿದ ಟ್ಯಾಂಕಲ್ಲಿ ಗಾಳಿಗೆ ಜಾಗ ಕಡಿಮೆ, ಬೇಗ ಉಸಿರು ಕಟ್ಟುತ್ತೆ. ಅರ್ಧ ಖಾಲಿ ಇದ್ರೆ ಗೊತ್ತೇ ಆಗಲ್ಲ.”

“ತೂತು ಮುಚ್ಚಿದ್ದು ಏನು? ಧೂಳಾ?”

ಆಕೆ ಮುಚ್ಚಳವನ್ನು ಬಿಸಿಲಿಗೆ ಹಿಡಿದಳು.

ಮುಚ್ಚಳದ ಮೇಲೆ ದಪ್ಪನೆಯ ಹಳದಿ ಬಣ್ಣದಲ್ಲಿ ಒಂಬತ್ತು ಎಂಬ ಅಂಕಿ. ಮೂರು ತಿಂಗಳ ಹಿಂದೆ ಎರಡು ಗಾಡಿಗಳ ಮುಚ್ಚಳ ಅದಲುಬದಲಾದಾಗ, ಮೂವತ್ತನಾಲ್ಕಕ್ಕೂ ಸಂಖ್ಯೆ ಬರೆದದ್ದು ಆಕೆಯ ಕುಂಚವೇ. ಮಿಕ್ಕ ಗಾಡಿಗಳ ಮುಚ್ಚಳದಲ್ಲಿ ತೂತು ಕೆಳಗಡೆ. ಈ ಲಿಫ್ಟ್ ಗಾಡಿ ಬೇರೆ ತಯಾರಿಕೆಯದು, ಇದರಲ್ಲಿ ತೂತು ನೆತ್ತಿಯ ಮೇಲೆ. ಅಂಕಿಯ ದುಂಡು ತಲೆ ಸರಿಯಾಗಿ ಅದರ ಮೇಲೆ ಕೂತಿತ್ತು.

“ಧೂಳಲ್ಲ ಸಾರ್” ಎಂದಳು. “ನಾನು.”

ನಿಧಾನಪ್ಪ ಮೆಲ್ಲಗೆ ಮುಚ್ಚಳವನ್ನೂ ಆಕೆಯ ಉಗುರನ್ನೂ ನೋಡಿದ.

ಪಂಪಿನ ಬಾಯಿ ಚೊಕ್ಕ ಮಾಡಲು ಗಂಡ ಕೊಟ್ಟಿದ್ದ ಹೊಲಿಗೆ ಸೂಜಿ ಆಕೆಯ ಪೆಟ್ಟಿಗೆಯಲ್ಲಿತ್ತು. ಬಣ್ಣ ಚುಚ್ಚಿ, ಕೆರೆದು, ಬಾಯಲ್ಲಿ ಊದಿದಳು. ಮುಚ್ಚಳದಾಚೆ ಹಿಡಿದಿದ್ದ ಚೀಟಿ ಗಾಳಿಗೆ ಅಲುಗಿತು. ಅಷ್ಟು ಸಾಲದು ಎಂದು ಆಕೆಗೆ ಗೊತ್ತಿತ್ತು. ಕೆಡಿಸಿ ತೋರಿಸಿದ್ದಾಯಿತು, ಇನ್ನು ಕೆಡದೆ ತೋರಿಸಬೇಕು. ಹತ್ತಿರದ ಬಂಕಿನಲ್ಲಿ ಈ ಸಲ ಕತ್ತಿನ ತನಕ ತುಂಬಿಸಿ, ನಲವತ್ತನಾಲ್ಕರ ಆಚೆಗೂ, ನಲವತ್ತೊಂಬತ್ತರ ಆಚೆಗೂ, ಎಂಬತ್ತು ಕಿಲೋಮೀಟರ್ ಓಡಿಸಿದರು. ಐವತ್ತರ ನಂತರ ಮ್ಯಾನೇಜರ್ ಪ್ರತಿ ಕಿಲೋಮೀಟರನ್ನೂ ಗಟ್ಟಿಯಾಗಿ ಎಣಿಸತೊಡಗಿದರು. ಎಪ್ಪತ್ತಕ್ಕೆ ನಿಧಾನಪ್ಪ, ಜೀವಮಾನದಲ್ಲಿ ಮೊದಲ ಸಲ, ವೇಗದ ಮುಳ್ಳನ್ನು ನಲವತ್ತೆರಡಕ್ಕೆ ಏರಿಸಿದ.

ಶೆಡ್ಡಿಗೆ ಮರಳಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮ್ಯಾನೇಜರ್ ಬಾನೆಟ್ಟಿನ ಮೇಲೇ ಪಟ್ಟಿ ಹರಡಿ ಒಂಬತ್ತನ್ನು ಹೊಡೆದು ಹಾಕಿದರು. ಆಕೆ ಪಕ್ಕದಲ್ಲೇ ಚೀಟಿ ಬರೆಯುತ್ತಿದ್ದಳು. ದೋಷ: ಮುಚ್ಚಳದ ಗಾಳಿತೂತು ಕಟ್ಟಿದ್ದು. ಕಾರಣ: ಹಳದಿ ಬಣ್ಣ. ಬಳಿದವರು: ನಾನು.

“ಕೊನೇ ಸಾಲು ಬೇಕಾ?” ಎಂದರು ಮ್ಯಾನೇಜರ್.

“ಬರೀದಿದ್ರೆ ನನ್ನ ನಂತರ ಬರೋರು ಮತ್ತೆ ಬಳೀತಾರೆ ಸಾರ್. ಇನ್ನೊಂದು ಮಾತು. ಗಾಡಿ ನಿಂತಾಗ ಚಾಲಕರು ಏನೇನು ಮುಟ್ಟಿದ್ರು ಅಂತ ಹೆದರದೆ ಹೇಳೋ ಹಾಗೆ ಆ ನಿಯಮಾನೂ ತಿದ್ದಿ. ಅಣ್ಣ ಮೊದಲ ದಿನವೇ ಹೇಳಿದ್ರೆ ಮೂರು ತಿಂಗಳು ಉಳೀತಿತ್ತು.”

ಗೋಡೆಯ ಮೇಲಿನ ಹಳೆಯ ನಿಯಮಕ್ಕೂ ತಾನೇ ಒಂದು ಸಾಲು ಸೇರಿಸಿದಳು: ರಸ್ತೆಯಲ್ಲಿ ನಿಂತ ಗಾಡಿಯ ಮುಚ್ಚಳ ತೆಗೆಯುವಾಗ ಕಿವಿಗೊಡಿ. ಆಮೇಲೆ ಕುಂಚ ಅದ್ದಿ, ಕೆರೆದುಹೋಗಿದ್ದ ಅಂಕಿಯನ್ನು ತಿದ್ದಲು ಮುಚ್ಚಳವನ್ನು ಎತ್ತಿಕೊಂಡಳು.

ಅಷ್ಟು ದೂರದಲ್ಲಿ ಗಾಡಿ ಒರೆಸುತ್ತಿದ್ದ ನಿಧಾನಪ್ಪ, ಎಂದೂ ಓಡದವನು, ಓಡಿ ಬಂದ.

“ಅಕ್ಕಾ, ಪಕ್ಕದಲ್ಲಿ! ಪಕ್ಕದಲ್ಲಿ ಬರೀರಿ!”